ಲೇಪಾಕ್ಷಿಗೆ ಬಂದವರು ಹಿಂದೂಪುರಕ್ಕೂ ಬರುತ್ತಾರೆಯೇ?

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಲೇಪಾಕ್ಷಿಗೆ ಹೊರಟ ಕಾರು ಹೈದರಾಬಾದ್ ಹೆದ್ದಾರಿ ಹಿಡಿದು, ಬಾಗೇಪಲ್ಲಿ ದಾಟಿ, ಕೋಡಿಕೊಂಡ ಚೆಕ್‌ಪೋಸ್ಟ್ ಬಳಿ ಎಡಕ್ಕೆ ತಿರುಗುತ್ತದೆ. ಅಲ್ಲಿಂದ ದೇವಸ್ಥಾನಕ್ಕೆ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಬಂದವರು ನೆಲಕ್ಕೆ ತಾಗದ ಕಂಬದ ಅಡಿಯಲ್ಲಿ ಟವೆಲ್ ತೂರಿಸಿ ಬೆರಗಾಗುತ್ತಾರೆ, ಏಕಶಿಲೆಯ ಬಸವಣ್ಣನ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ, ಎಳನೀರು ಕುಡಿದು ಬಂದ ದಾರಿಯಲ್ಲೇ ಮರಳುತ್ತಾರೆ. ಇನ್ನು ಹದಿನೈದು ಕಿಲೋಮೀಟರ್ ಮುಂದೆ ಹೋದರೆ ಹಿಂದೂಪುರ. ಆದರೆ ಆ ಕಡೆ ಹೋಗಬೇಕಾದ ಕಾರಣವೇ ಅವರಿಗಿಲ್ಲ.

ಹಿಂದೂಪುರ ಚಿಕ್ಕ ಊರೇನಲ್ಲ. 2011ರ ಜನಗಣತಿಯ ಪ್ರಕಾರವೇ ಅದರ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಕನ್ನಡ, ತೆಲುಗು ಎರಡೂ ಸಲೀಸಾಗಿ ನಡೆಯುವ ಪೇಟೆ. ಪರಿಗಿ, ಮಡಕಶಿರಾ ಕಡೆಯ ರೈತರಿಗೂ, ಗಡಿಯಾಚೆಯ ಗೌರಿಬಿದನೂರು, ಮಧುಗಿರಿ ಕಡೆಯವರಿಗೂ ಬೆಲ್ಲ, ಹುಣಸೆ, ರೇಷ್ಮೆಗೂಡು ಮಾರುವ ಜಾಗ. ಹುಣಸೆ ಹಂಗಾಮಿನಲ್ಲಿ ಮಾರುಕಟ್ಟೆ ಯಾರ್ಡಿಗೆ ಹೋದರೆ ಹಣ್ಣಿನ ರಾಶಿಗಳನ್ನು ಎರಡು ಬಗೆಯಾಗಿ ಬೇರೆಯಿಟ್ಟಿರುವುದು ಕಾಣುತ್ತದೆ: ಒಳ್ಳೆಯ ಬೆಲೆ ಸಿಗುವ ‘ಕರಿಪುಳಿ’, ಅದಕ್ಕಿಂತ ಕಡಿಮೆಗೆ ಹೋಗುವ ‘ಫ್ಲವರ್’. ಇಲ್ಲಿಯ ಧಾರಣೆ ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ. ಯಾರ್ಡಿಗೆ ಬಂದ ರೈತ ಹಾಗೇ ಊರಿಗೆ ಹೋಗುವುದಿಲ್ಲ. ಊಟ ಮಾಡುತ್ತಾನೆ, ಗೊಬ್ಬರ ಕೊಳ್ಳುತ್ತಾನೆ, ಮಕ್ಕಳಿಗೆ ಬಟ್ಟೆ ಒಯ್ಯುತ್ತಾನೆ.

ಹೀಗಿದ್ದೂ ಈಚಿನ ವರ್ಷಗಳ ದೊಡ್ಡ ಬದಲಾವಣೆಗಳೆಲ್ಲ ಊರಿನ ಹೊರಗೇ ನಡೆದವು. ಕಿಯಾ ಕಾರು ಕಾರ್ಖಾನೆ 2019ರಲ್ಲಿ ಶುರುವಾದದ್ದು ಪೆನುಕೊಂಡದ ಹತ್ತಿರ, ಹೆದ್ದಾರಿಗೆ ಅಂಟಿಕೊಂಡ ಎರ್ರಮಂಚಿಯಲ್ಲಿ. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿತು. ಲೋಕಸಭಾ ಕ್ಷೇತ್ರಕ್ಕೊಂದು ಜಿಲ್ಲೆ ಎಂಬುದು ಸರ್ಕಾರದ ಲೆಕ್ಕ. ಕ್ಷೇತ್ರದ ಹೆಸರು ಹಿಂದೂಪುರವೇ ಆದರೂ ಜಿಲ್ಲಾ ಕೇಂದ್ರ ಪುಟ್ಟಪರ್ತಿಯ ಪಾಲಾಯಿತು. ಹಿಂದೂಪುರದಲ್ಲಿ ಪ್ರತಿಭಟನೆಗಳು ನಡೆದವು, ಶಾಸಕ ನಂದಮೂರಿ ಬಾಲಕೃಷ್ಣ ಮೌನದೀಕ್ಷೆಗೆ ಕೂತರು. ತೀರ್ಮಾನ ಮಾತ್ರ ಬದಲಾಗಲಿಲ್ಲ.

ಉಳಿದದ್ದು ಪ್ರವಾಸೋದ್ಯಮದ ಆಸೆ. 2016 ಮತ್ತು 2018ರಲ್ಲಿ ಲೇಪಾಕ್ಷಿ ಉತ್ಸವ ಅದ್ಧೂರಿಯಾಗಿ ನಡೆಯಿತು. 2022ರಲ್ಲಿ ದೇವಸ್ಥಾನವೂ ಬಸವಣ್ಣನೂ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. 2024ರ ಜನವರಿಯಲ್ಲಿ ಪ್ರಧಾನಿ ಬಂದು ಹೋದರು. ಒಂದೊಂದು ಸಲವೂ ಜನ ಸೇರಿದರು, ಸುದ್ದಿಯಾಯಿತು. ಹಿಂದೂಪುರದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಇದರಿಂದ ಎಷ್ಟು ಬಿತ್ತು ಎಂಬುದು ಬೇರೆ ಮಾತು.

ಹಾಗಾದರೆ ಆಕರ್ಷಣೆಯನ್ನು ಪೇಟೆಯ ನಡುವೆಯೇ ತಂದು ನಿಲ್ಲಿಸಿದರೆ? ಅಮೆರಿಕದ ಫ್ಲಿಂಟ್ ನಗರ ಇದನ್ನೂ ಮಾಡಿ ನೋಡಿತು. ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಕೆಲಸ ಕರಗುತ್ತಿದ್ದ ಕಾಲ. ಸುಮಾರು 8 ಕೋಟಿ ಡಾಲರ್ ಸುರಿದು, ಕಾರುಗಳ ಕಥೆ ಹೇಳುವ ‘ಆಟೊವರ್ಲ್ಡ್’ ಎಂಬ ಒಳಾಂಗಣ ಉದ್ಯಾನವನ್ನು 1984ರ ಜುಲೈಯಲ್ಲಿ ತೆರೆದರು. ಒಮ್ಮೆ ನೋಡಿದವರು ಮತ್ತೆ ಬರಲಿಲ್ಲ. ಆರೇ ತಿಂಗಳಲ್ಲಿ ಬಾಗಿಲು ಮುಚ್ಚಿತು. 1997ರಲ್ಲಿ ಕಟ್ಟಡವನ್ನೇ ಕೆಡವಿದರು. ಆ ಜಾಗವೀಗ ವಿಶ್ವವಿದ್ಯಾಲಯದ ಆವರಣ.

ಅದೇ 1997ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ತೆರೆಯಿತು. ಉಕ್ಕು, ಹಡಗುಕಟ್ಟೆ ಎರಡೂ ಸೊರಗಿದ್ದ ಆ ಊರಿನ ಅದೃಷ್ಟ ಒಂದು ಕಟ್ಟಡದಿಂದ ಖುಲಾಯಿಸಿತೆಂದು ಜಗತ್ತು ಕೊಂಡಾಡಿತು. ಆದರೆ ಮ್ಯೂಸಿಯಂಗೆ ಎರಡು ವರ್ಷ ಮೊದಲೇ ಅಲ್ಲಿ ಮೆಟ್ರೊ ಓಡುತ್ತಿತ್ತು. ಕೊಳಚೆ ಹರಿಯುತ್ತಿದ್ದ ನದಿಯನ್ನು ಶುಚಿ ಮಾಡುವ ಕೆಲಸ ಅದಕ್ಕೂ ಹಿಂದಿನದು. ಪ್ರವಾಸಿಗೆ ಕಂಡದ್ದು ಮಿರುಗುವ ಕಟ್ಟಡ. ಊರಿನವರಿಗೆ ದಕ್ಕಿದ್ದು ರೈಲು ಮತ್ತು ನದಿ.

ನಮ್ಮ ಕಡೆಯ ಉದಾಹರಣೆಗೆ ದಾವಣಗೆರೆಯನ್ನು ನೋಡಬಹುದು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡಿದ್ದ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರು ಮಾತ್ರ ಮಲಗಲಿಲ್ಲ. 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಎಲ್ಲೆಲ್ಲಿಂದಲೋ ವಿದ್ಯಾರ್ಥಿಗಳನ್ನು ಕರೆತಂದವು. 1997ರ ಆಗಸ್ಟ್‌ನಲ್ಲಿ ಜಿಲ್ಲಾ ಕೇಂದ್ರದ ಪಟ್ಟ ಸಿಕ್ಕಿ ಕಚೇರಿ, ಕೋರ್ಟುಗಳಿಗೆ ಜನ ಬರತೊಡಗಿದರು. ಬೆಣ್ಣೆದೋಸೆಯ ಕಾವಲಿ ಆರದಂತೆ ನೋಡಿಕೊಂಡವರು ಬಹುಪಾಲು ಇವರೇ. ಗಾಜಿನ ಮನೆ, ಸ್ಮಾರ್ಟ್ ಸಿಟಿ ಎಲ್ಲ ಆಮೇಲೆ ಬಂದವು. ಗಾಜಿನ ಮನೆ ಚೆಂದವೇ. ಆದರೆ ಅದನ್ನು ನೋಡಿ ಬಂದ ಕುಟುಂಬ ಹಳೇ ಪೇಟೆಯ ಮಂಡಿಗೆ ಕಾಲಿಡಲೇಬೇಕೆಂದಿಲ್ಲ.

ಜಿಲ್ಲಾ ಕೇಂದ್ರಕ್ಕಾಗಿ ಹಿಂದೂಪುರ ಅಷ್ಟು ಹೋರಾಡಿದ್ದು ಏಕೆಂಬುದು ದಾವಣಗೆರೆಯನ್ನು ನೋಡಿದರೆ ತಿಳಿಯುತ್ತದೆ. ಭಾನುವಾರದ ಜನಕ್ಕಿಂತ ಸೋಮವಾರದ ಜನ ಪೇಟೆಗೆ ಹೆಚ್ಚು ಬೇಕು. ಆ ಲೆಕ್ಕದಲ್ಲಿ ಗೊಲ್ಲಪಲ್ಲಿ ಜಲಾಶಯದಿಂದ ಬಂದ ಕುಡಿಯುವ ನೀರಿನ ಕೊಳವೆ ಯಾವ ಉತ್ಸವಕ್ಕಿಂತಲೂ ದೊಡ್ಡ ಸಂಗತಿ. ಟ್ಯಾಂಕರ್ ಕಾಯುವ ಊರಿನಲ್ಲಿ ಹೋಟೆಲು, ಲಾಡ್ಜು ನಡೆಸುವುದು ಸುಲಭವಲ್ಲ. ಮಾರುಕಟ್ಟೆ ಯಾರ್ಡಿಗೆ ನೆರಳು, ಶೌಚಾಲಯ, ಸರಿಯಾದ ತೂಕ ಸಿಕ್ಕರೆ ಪರಿಗಿಯ ರೈತ ಬೇರೆ ಮಾರುಕಟ್ಟೆಯ ದಾರಿ ಹುಡುಕಬೇಕಾಗಿಲ್ಲ.

ಹಾಗೆಂದು ಲೇಪಾಕ್ಷಿಯನ್ನು ಮರೆಯಬೇಕಿಲ್ಲ, ಬರುವ ದಾರಿಯನ್ನು ಬದಲಿಸಿದರಾಯಿತು. ಕಾರಿನವರು ಕೋಡಿಕೊಂಡದಲ್ಲೇ ತಿರುಗಿಕೊಳ್ಳುತ್ತಾರೆ. ರೈಲಿನವರು ಹಿಂದೂಪುರ ನಿಲ್ದಾಣದಲ್ಲೇ ಇಳಿಯಬೇಕು. ಬೆಂಗಳೂರಿನಿಂದ ರೈಲುಗಳು ಈಗಾಗಲೇ ಇವೆ, ಲೇಪಾಕ್ಷಿಗೆ ಬಸ್ಸೂ ಇದೆ. ರೈಲಿನ ವೇಳೆಗೆ ಹೊಂದುವ ಬಸ್ಸು, ಪೇಟೆಯ ಮೇಲೆ ಹೋಗುವ ಮಾರ್ಗ, ಮಧ್ಯಾಹ್ನದ ಊಟಕ್ಕೆ ಚೊಕ್ಕಟವಾದ ನಾಲ್ಕು ಹೋಟೆಲು, ಸಂಜೆಯ ರೈಲಿಗೆ ಮುಂಚೆ ಬೆಲ್ಲ, ಹುಣಸೆ ಕೊಳ್ಳಲು ಒಂದು ಮಳಿಗೆ: ಇಷ್ಟಕ್ಕೆ ಹೊಸ ಗೋಪುರವೂ ಕಾರಂಜಿಯೂ ಬೇಡ. ಯುನೆಸ್ಕೊದ ಅಂತಿಮ ಪಟ್ಟಿಯಲ್ಲಿ ಲೇಪಾಕ್ಷಿಯ ಹೆಸರು ಬರುವ ಮೊದಲೇ ಈ ಕೆಲಸ ಆಗಬೇಕು. ತಡವಾದರೆ ಹೋಟೆಲುಗಳೆಲ್ಲ ಹೆದ್ದಾರಿಯ ಬದಿಗೇ ಎದ್ದು ನಿಲ್ಲುತ್ತವೆ.