ಹಳೆಯ ರಥ, ಹಳೆಯ ಸಾರಥಿ

ಹವ್ಯಾಸಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ವಯಸ್ಸಾದಂತೆ ಸುಲಭವಾಗುತ್ತ ಹೋಗುವಂಥವು ಕೆಲವು. ಕಷ್ಟವಾಗುತ್ತ ಹೋಗುವಂಥವು ಕೆಲವು. ಸಂಗೀತ ಕೇಳುವುದು, ಪುಸ್ತಕ ಓದುವುದು, ಅಂಚೆಚೀಟಿ ಕೂಡಿಡುವುದು ಮೊದಲನೆಯ ಬಗೆಯವು. ನಿವೃತ್ತಿಯ ಬಿಡುವು ದೊರೆತೊಡನೆ ಅವು ಚಿಗುರುತ್ತವೆ. ಹಳೆಯದೊಂದು ಕಾರನ್ನು ಇಟ್ಟುಕೊಂಡು, ಅದನ್ನು ತಾನೇ ಬಿಚ್ಚಿ ಜೋಡಿಸುತ್ತ, ತಾನೇ ಓಡಿಸುತ್ತ ಸಂತೋಷಪಡುವುದು ಎರಡನೆಯ ಬಗೆಯದು. ಇದಕ್ಕೆ ಮಂಡಿ ಬೇಕು, ಸೊಂಟ ಬೇಕು, ಕಣ್ಣು ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ ಹಣ ಬೇಕು. ನಿವೃತ್ತನಾದವನಲ್ಲಿ ಈ ನಾಲ್ಕೂ ವರ್ಷವರ್ಷಕ್ಕೆ ಕ್ಷೀಣಿಸುತ್ತ ಹೋಗುತ್ತವೆಂಬುದು ಲೋಕಾನುಭವ. ಹಾಗಾದರೆ ಈ ಹವ್ಯಾಸವನ್ನು ಕೈಬಿಡಬೇಕೆ? ಬಿಡದೆ, ಗೊಣಗದೆ, ನಗುನಗುತ್ತ ಮುಂದುವರಿಸುವ ದಾರಿ ಏನಾದರೂ ಉಂಟೆ? ಇದನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ನನ್ನಲ್ಲಿರುವುದು 1978ರ ಒಂದು ಪ್ರೀಮಿಯರ್ ಪದ್ಮಿನಿ. ನನಗೆ ಎಪ್ಪತ್ತು ದಾಟಿದೆ. ಅದಕ್ಕೆ ಐವತ್ತು ಸಮೀಪಿಸಿದೆ. ಎಳೆಯರಿಗಾಗಿ ಅದರ ಕುಲಗೋತ್ರವನ್ನು ತಿಳಿಸಬೇಕು. ಇಟಲಿಯ ಫಿಯೆಟ್ 1100 ಎಂಬ ಕಾರನ್ನು ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ನಮ್ಮ ದೇಶದಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದಿತು. ಸ್ಟಿಯರಿಂಗ್ ಕಂಬದ ಮೇಲೆಯೇ ಗೇರಿನ ಹಿಡಿ; 1089 ಸಿ.ಸಿ.ಯ ಪುಟ್ಟ ಎಂಜಿನ್ನು. ಅಂಬಾಸಡರ್ ಸರ್ಕಾರದ ಕಾರಾದರೆ, ಇದು ಡಾಕ್ಟರರ, ವಕೀಲರ, ಕಾಲೇಜಿನ ಪ್ರಾಧ್ಯಾಪಕರ ಕಾರು. ಈ ಶತಮಾನದ ಆರಂಭದಲ್ಲಿಯೇ ಇದರ ತಯಾರಿಕೆ ನಿಂತಿತು. ಅಂಬಾಸಡರ್ ಮತ್ತು ಮಾರುತಿ 800 ಎರಡೂ 2014ರಲ್ಲಿ ನಿಂತುವು. ಮುಂಬಯಿಯ ಬೀದಿಗಳಲ್ಲಿ ಹಳದಿ ಕಪ್ಪು ಬಣ್ಣದ ಟ್ಯಾಕ್ಸಿಯಾಗಿ ದುಡಿದ ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ಬೀಳ್ಕೊಂಡುವು. ನನ್ನ ಕಾರು ಇಂದು ಬಂಧುಗಳನ್ನೆಲ್ಲ ಕಳೆದುಕೊಂಡ ಹಿರಿಯಜ್ಜಿಯ ಹಾಗೆ ಬಸವನಗುಡಿಯ ಒಂದು ಹೊಂಗೆಯ ಮರದಡಿ ನಿಂತಿದೆ.

ಮೊದಲು ಖರ್ಚಿನ ಮಾತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದಕ್ಕೆ ಇದ್ದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್ 1ರಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಎಂದು ನಿಗದಿಯಾಯಿತು. ಇದರ ಮೇಲೆ ಹಸಿರು ತೆರಿಗೆ, ವಿಮೆ. ಪೆಟ್ರೋಲಂತೂ 2021ರ ಜೂನ್‌ನಲ್ಲಿಯೇ ಬೆಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿಯ ಗಡಿ ದಾಟಿತು. ಇಷ್ಟನ್ನು ಒಟ್ಟಿಗೆ ಕೇಳಿದವರಿಗೆ ಎದೆ ಝಲ್ಲೆನ್ನುವುದು ಸಹಜ. ಆದರೆ ಭಯಕ್ಕೆ ಮದ್ದು ಲೆಕ್ಕ. ಹತ್ತು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 167 ರೂಪಾಯಿ ಬೀಳುತ್ತದೆ. ನಾನು ವರ್ಷಕ್ಕೆ ಓಡಿಸುವುದು ಸುಮಾರು 1,200 ಕಿಲೋಮೀಟರು. ಲೀಟರಿಗೆ ಹನ್ನೆರಡರಂತೆ ನೂರು ಲೀಟರು, ಅಂದರೆ ಹತ್ತು ಸಾವಿರ ಚಿಲ್ಲರೆ. ಹೊಸ ಕಾರು ಕೊಂಡವನ ಹಣವೂ ಕರಗುತ್ತದೆ. ಅಂಗಡಿಯಿಂದ ಹೊರಬಿದ್ದ ದಿನದಿಂದಲೇ ಅದರ ಬೆಲೆ ಇಳಿಯುತ್ತ ಹೋಗುತ್ತದೆ. ಆದರೆ ಆ ನಷ್ಟಕ್ಕೆ ಯಾರೂ ರಸೀತಿ ಕೊಡುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ನನ್ನ ಖರ್ಚು ಕಣ್ಣಿಗೆ ಬೀಳುತ್ತದೆ; ವ್ಯತ್ಯಾಸ ಇಷ್ಟೆ.

ಹಣಕ್ಕಿಂತ ಕಠಿಣವಾದದ್ದು ಬಿಡಿಭಾಗಗಳ ಸಮಸ್ಯೆ. ಒಂದು ಕಾಲದಲ್ಲಿ ಜೆ.ಸಿ. ರಸ್ತೆಗೆ ಹೋಗಿ ಹೆಸರು ಹೇಳಿದರೆ ಸಾಕು, ಫಿಯೆಟ್ಟಿನ ಯಾವ ಸಾಮಾನಾದರೂ ಕೈಗೆ ಬರುತ್ತಿತ್ತು. ಈಗ ಅಂಗಡಿಯವರು ಮೊದಲು ನಮ್ಮ ಮುಖ ನೋಡಿ ಮುಗುಳ್ನಗುತ್ತಾರೆ, ಅನಂತರ ಅಟ್ಟ ಹತ್ತುತ್ತಾರೆ. ಸಿಕ್ಕರೆ ಪುಣ್ಯ. ಸಿಗದಿದ್ದರೆ ಗುಜರಿಯಲ್ಲಿ ಹುಡುಕಬೇಕು. ಅಲ್ಲಿಯೂ ಇಲ್ಲದಿದ್ದರೆ ಲೇತಿನವರ ಬಳಿ ಹೋಗಿ ಹಳೆಯದನ್ನು ತೋರಿಸಿ ಹೊಸದನ್ನು ಕಡೆಸಬೇಕು. ಇಲ್ಲೊಂದು ಸಮಾಧಾನವಿದೆ. ಇಂದಿನ ಕಾರಿನ ಗಣಕಪೆಟ್ಟಿಗೆ ಕೆಟ್ಟರೆ ಅದನ್ನು ಯಾವ ಲೇತಿನಲ್ಲಿಯೂ ಕಡೆಯಲಾಗುವುದಿಲ್ಲ. ಬುಶ್ಶು, ಪಿನ್ನು, ರಬ್ಬರ್ ವಾಶರು ಇವುಗಳಿಂದಾದ ಯಂತ್ರವನ್ನು ಮಾತ್ರ, ಕಬ್ಬಿಣವೂ ಕೈಗಾರನೂ ಇರುವ ತನಕ ಬದುಕಿಸಬಹುದು.

ಇಂಧನದ ಬದಲಾವಣೆಯೂ ಹಳೆಯ ಕಾರಿಗೆ ಒಂದು ಪರೀಕ್ಷೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಾಗ, ಹಳೆಯ ಎಂಜಿನ್ನುಗಳ ಕಥೆ ಮುಗಿಯಿತೆಂದರು. ಅಂದಿನ ಕೆಲವು ಎಂಜಿನ್ನುಗಳಲ್ಲಿ ವಾಲ್ವು ಕುಳಿತುಕೊಳ್ಳುವ ಜಾಗವನ್ನು ಸವೆಯದಂತೆ ಕಾಯುತ್ತಿದ್ದುದು ಸೀಸವೇ. ಗಟ್ಟಿ ಲೋಹದ ಬಳೆಗಳನ್ನು ಕೂರಿಸಿದ ಮೇಲೆ ಆ ತೊಂದರೆ ನೀಗಿತು. ಈಗ ಬಂದಿರುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕಿಗೆ ದಾರಿ ಮಾಡುತ್ತದೆ. ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತದೆ. ಇದಕ್ಕೂ ಉಪಾಯವಿದೆ: ಎಥನಾಲನ್ನು ತಡೆಯುವ ಹೊಸ ಬಗೆಯ ರಬ್ಬರ್ ಕೊಳವೆಗಳನ್ನು ಹಾಕಿಸುವುದು, ಕಾರ್ಬುರೇಟರನ್ನು ಆಗಾಗ ಬಿಚ್ಚಿ ತೊಳೆಯುವುದು, ತಿಂಗಳುಗಟ್ಟಲೆ ಪೆಟ್ರೋಲನ್ನು ಟ್ಯಾಂಕಿನಲ್ಲಿ ನಿಲ್ಲಿಸದಿರುವುದು. ಪೆಟ್ರೋಲು ಸೋರುವುದು ಬೆಂಕಿಯ ವಿಷಯವಾದ್ದರಿಂದ ಇಲ್ಲಿ ಜಿಪುಣತನ ಸಲ್ಲದು.

ಇನ್ನು ಸಾರಥಿಯ ಮುಪ್ಪು. ಕಾನೂನು ಇಲ್ಲಿ ಒಂದು ಸೊಗಸಾದ ಸಾಮ್ಯವನ್ನು ಕಲ್ಪಿಸಿದೆ. ಐವತ್ತೈದು ದಾಟಿದವನ ಚಾಲನಾ ಪರವಾನಗಿಯೂ ಐದೈದು ವರ್ಷಕ್ಕೇ ನವೀಕರಣಗೊಳ್ಳಬೇಕು, ಅದೂ ವೈದ್ಯರ ಪ್ರಮಾಣಪತ್ರದೊಡನೆ. ಕಾರಿಗೂ ಐದು ವರ್ಷ, ನನಗೂ ಐದು ವರ್ಷ. ನಾವಿಬ್ಬರೂ ಒಬ್ಬರಾದ ಮೇಲೊಬ್ಬರು ಪರೀಕ್ಷೆಗೆ ನಿಲ್ಲುತ್ತೇವೆ. ಅದರ ಹೊಗೆ, ಬ್ರೇಕು, ದೀಪಗಳನ್ನು ನೋಡುತ್ತಾರೆ. ನನ್ನ ಕಣ್ಣು, ಕಿವಿ, ರಕ್ತದೊತ್ತಡಗಳನ್ನು ನೋಡುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ. ನಗುಮುಖದಿಂದಿರುವುದೆಂದರೆ ಕಣ್ಣು ಮುಚ್ಚಿಕೊಂಡಿರುವುದು ಎಂದರ್ಥವಲ್ಲ. ಎದುರಿನಿಂದ ಬರುವ ದೀಪಗಳು ಕಣ್ಣು ಕೋರೈಸತೊಡಗಿದಂದಿನಿಂದ ನಾನು ರಾತ್ರಿಯ ಹೊತ್ತು ಓಡಿಸುವುದನ್ನು ನಿಲ್ಲಿಸಿದ್ದೇನೆ. ರಸ್ತೆ ನನ್ನೊಬ್ಬನದಲ್ಲ, ಅಲ್ಲಿ ಶಾಲೆಯ ಮಕ್ಕಳೂ ನಡೆಯುತ್ತಾರೆ. ಹವ್ಯಾಸ ನಮಗೆ ಸಂತೋಷ ಕೊಡಬೇಕು, ಅನ್ಯರಿಗೆ ಅಪಾಯ ತರಬಾರದು.

"ಮಾರಿಬಿಡಿ ಅಪ್ಪ, ಇನ್ನೇಕೆ ಈ ಕಷ್ಟ?" ಎಂದು ನನ್ನ ಮಗ ಕೇಳುತ್ತಾನೆ. ಅವನ ಮಾತಿನಲ್ಲಿ ಅಕ್ಕರೆಯಿದೆ. ನನ್ನ ಉತ್ತರ ಇದು: ಕಾರಿನ ಹವ್ಯಾಸಿಗಳೆಲ್ಲರಿಗೂ ಗೊತ್ತಿರುವ ಒಂದು ಸತ್ಯವಿದೆ. ಓಡುವ ಕಾರಿಗಿಂತ ನಿಂತ ಕಾರು ಬೇಗ ಕೆಡುತ್ತದೆ. ಬ್ಯಾಟರಿ ಸಾಯುತ್ತದೆ, ಬ್ರೇಕು ಹಿಡಿದುಕೊಳ್ಳುತ್ತದೆ, ಎಣ್ಣೆ ಕಾಣದ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಮನುಷ್ಯನ ಕೀಲುಗಳ ಕಥೆಯೂ ಬೇರೆಯಲ್ಲ. ವಾರಕ್ಕೊಮ್ಮೆ ಅದನ್ನು ಹೊರಗೆ ತೆಗೆಯಲೇಬೇಕೆಂಬ ಕಟ್ಟಳೆ ನನ್ನನ್ನೂ ಹೊರಗೆ ತೆಗೆಯುತ್ತದೆ. ಅದನ್ನು ನಾನು ನೋಡಿಕೊಳ್ಳುತ್ತಿದ್ದೇನೆಂದು ಜನ ಭಾವಿಸುತ್ತಾರೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆಂಬುದು ನಮ್ಮಿಬ್ಬರಿಗೆ ಗೊತ್ತು.

ಕಾಲ ಇದ್ದಂತೆ ಕೋಲ ಕಟ್ಟಬೇಕಷ್ಟೆ. ಕೆಲಸವನ್ನು ನಾನು ಹಗುರಮಾಡಿಕೊಂಡಿದ್ದೇನೆ. ಗಾಡಿಯ ಕೆಳಗೆ ನುಸುಳಿ ಗ್ರೀಸು ಹೊಡೆಯುವುದನ್ನು ಪಕ್ಕದ ಮನೆಯ ಹುಡುಗ ವಹಿಸಿಕೊಂಡಿದ್ದಾನೆ. ಅವನು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾನೆ. ಕಾರ್ಬುರೇಟರನ್ನು ಮೊದಲ ಸಲ ಮುಟ್ಟಿ ನೋಡಿದ್ದು ನನ್ನ ಮನೆಯ ಜಗುಲಿಯ ಮೇಲೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಣ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಅದನ್ನು ಕಾಣುವ ಕಣ್ಣು ಅವನದು. ಎಂಜಿನ್ನು ಎಲ್ಲಿ ತಡವರಿಸುತ್ತಿದೆಯೆಂದು ಕೇಳಿ ಹೇಳುವ ಕಿವಿ ನನ್ನದು. ಹೀಗೆ ಇಬ್ಬರು ಸೇರಿ ಒಬ್ಬ ಒಳ್ಳೆಯ ಮೆಕ್ಯಾನಿಕ್ ಆಗುತ್ತೇವೆ. ಯಾವ ಭಾಗ ಎಂದು ಬದಲಾಯಿತು, ಎಲ್ಲಿ ಕಡೆಸಿದ್ದು, ಅಳತೆಯೇನು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಬಿಡಿಭಾಗಗಳಿಗಿಂತ ಬೇಗ ಕಣ್ಮರೆಯಾಗುತ್ತಿರುವುದು ಅವುಗಳ ತಿಳಿವಳಿಕೆ. ಅದನ್ನು ಯಾವ ಗುಜರಿಯಲ್ಲಿಯೂ ಹುಡುಕಿ ತರಲಾಗದು.

ಐವತ್ತು ವರ್ಷ ಮೀರಿದ ಕಾರನ್ನು, ಅದು ಮೂಲರೂಪದಲ್ಲಿದ್ದರೆ, 2021ರ ನಿಯಮದಂತೆ ಪುರಾತನ ವಾಹನವೆಂದು ನೋಂದಾಯಿಸಬಹುದು. ಅದಕ್ಕೆ ಬೇರೆಯ ಸಂಖ್ಯಾಫಲಕ, ಬೇರೆಯ ಗೌರವ. ಆದರೆ ಆಮೇಲೆ ಅದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ, ಅಂಥ ಕೆಲವೇ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಲ್ಲ. ನನ್ನ ಪದ್ಮಿನಿ 2028ರಲ್ಲಿ ಆ ವಯಸ್ಸನ್ನು ಮುಟ್ಟುತ್ತದೆ. ಆ ಗೌರವ ನಮಗೆ ಬೇಡವೆಂದು ನಿರ್ಧರಿಸಿದ್ದೇನೆ. ಶುಲ್ಕ ಹೆಚ್ಚಾದರೂ ಸರಿ, ಅದು ಗಾಂಧಿಬಜಾರಿಗೆ ಹೋಗಿ ತರಕಾರಿ ತರುವ ಕಾರಾಗಿಯೇ ಇರಲಿ. ನನ್ನ ಮುಂದಿನ ನವೀಕರಣಕ್ಕೆ ವೈದ್ಯರು ಒಪ್ಪದಿದ್ದರೆ ಹುಡುಗ ಓಡಿಸುತ್ತಾನೆ, ನಾನು ಎಡಗಡೆಯ ಸೀಟಿನಲ್ಲಿ ಕುಳಿತು ಎಂಜಿನ್ನಿನ ಸದ್ದು ಕೇಳುತ್ತೇನೆ. ಸಾರಥ್ಯ ಬಿಟ್ಟ ಮಾತ್ರಕ್ಕೆ ರಥವನ್ನೂ ಬಿಡಬೇಕೆಂದು ಎಲ್ಲಿಯೂ ಹೇಳಿಲ್ಲ.