ಬಾಣದ ಅಲಗು

ಬಿಲ್ಲುಬಾಣಗಳೆಂದೊಡನೆ ನಮಗೆ ಅರ್ಜುನನೂ ಏಕಲವ್ಯನೂ ನೆನಪಾಗುತ್ತಾರೆ. ನಮ್ಮ ಜಿಲ್ಲೆಯವರಿಗೆ ಬೇಲೂರಿನ ಗುಡಿಯಲ್ಲಿ ಬಿಲ್ಲು ಹಿಡಿದು ನಿಂತ ಬೇಟೆಗಾತಿಯ ವಿಗ್ರಹವೂ ನೆನಪಾದೀತು. ಆದರೆ ಬಾಣದ ತುದಿಯಲ್ಲಿರುವ ಅಲಗನ್ನು ಕುರಿತು ಯೋಚಿಸುವವರು ವಿರಳ. ಬಿಲ್ಲಿನ ಬಲವೆಲ್ಲ ಕೊನೆಗೆ ಕೆಲಸ ಮಾಡುವುದು ಒಂದಂಗುಲದ ಆ ಉಕ್ಕಿನ ಮೂಲಕವೇ. ಹೊರದೇಶದ ಅಗ್ಗದ ಅಲಗುಗಳು ಕೆಲವು ನನ್ನ ಕೈಗೆ ಬಂದುದರಿಂದ ಈ ವಿಷಯವನ್ನು ಸ್ವಲ್ಪ ಪರೀಕ್ಷಿಸಿ ನೋಡುವ ಅವಕಾಶ ದೊರೆಯಿತು.

ಅಲಗುಗಳ ವಿಂಗಡಣೆ ನಮ್ಮ ದೇಶಕ್ಕೆ ಹೊಸದಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಾಣದ ಮೊನೆಗೆ ಮೂರು ಕೆಲಸಗಳನ್ನು ಹೇಳಿದೆ: ಕತ್ತರಿಸುವುದು, ಭೇದಿಸುವುದು, ಬಡಿಯುವುದು. ಇಂದಿನ ಮಾರುಕಟ್ಟೆಯಲ್ಲಿಯೂ ಈ ಮೂರೂ ಇವೆ. ಗುರಿಯ ಅಭ್ಯಾಸಕ್ಕೆ ಚೂಪುಮೊನೆ, ಸಣ್ಣ ಪ್ರಾಣಿಗಳಿಗೆ ಮೊಂಡುಮೊನೆ, ದೊಡ್ಡ ಮೃಗಗಳಿಗೆ ಅಗಲವಾದ ಹರಿತ ಅಲಗು. ಈ ಮೂರನೆಯದಕ್ಕೆ ಬ್ರಾಡ್‌ಹೆಡ್ ಎಂದು ಹೆಸರು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅದರ ಅಗಲ ಅಂಗುಲದ ಎಂಟನೇ ಏಳು ಭಾಗಕ್ಕಿಂತ, ಅಂದರೆ ಸುಮಾರು 22 ಮಿಲಿಮೀಟರಿಗಿಂತ, ಕಡಿಮೆಯಿರಬಾರದೆಂಬ ಕಾಯಿದೆಯಿದೆ.

ಅಗಲವೇಕೆ, ಹರಿತವೇಕೆ? ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ಅಡ್ಡಬಿಲ್ಲಿನ ಬಾಣ 26 ಗ್ರಾಂ ತೂಗಿ, ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಹೊರಟರೆ, ಅದರ ಚಲನಶಕ್ತಿ ಸುಮಾರು 105 ಜೌಲು. ದೊಡ್ಡ ಬೇಟೆಯ ರೈಫಲ್ಲಿನ ಗುಂಡಿನಲ್ಲಿ 3,000 ಜೌಲಿಗೂ ಮಿಕ್ಕಿ ಶಕ್ತಿಯಿರುತ್ತದೆ. ಗುಂಡು ಮೃಗವನ್ನು ಆಘಾತದಿಂದಲೂ ಕೆಡವಬಲ್ಲದು. ಬಾಣಕ್ಕೆ ಆ ಬಲವಿಲ್ಲ. ಅದು ರಕ್ತನಾಳಗಳನ್ನು ಕತ್ತರಿಸಿ, ರಕ್ತ ಹರಿಸಿಯೇ ಕೊಲ್ಲಬೇಕು. ಅಲಗು ಹರಿತವಾಗಿದ್ದರೆ ಸಾವು ಬೇಗ ಬರುತ್ತದೆ. ಮೊಂಡಾಗಿದ್ದರೆ ನಾಳಗಳು ಅತ್ತಿತ್ತ ಸರಿದು ಉಳಿಯುತ್ತವೆ. ಮೃಗ ಬಾಣವನ್ನು ಹೊತ್ತು ಓಡಿ, ಎಲ್ಲಿಯೋ ದಿನಗಟ್ಟಲೆ ನರಳಿ ಸಾಯುತ್ತದೆ.

ನನ್ನ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಅಮೆರಿಕದ ಮಿಚಿಗನ್ನಿನಲ್ಲಿದ್ದಾರೆ. ಅಲ್ಲಿನ ಕಾನೂನಿನಂತೆ ಪರವಾನಗಿ ಪಡೆದು ಅಡ್ಡಬಿಲ್ಲಿನಿಂದ ಜಿಂಕೆಯ ಬೇಟೆಯಾಡುವವರು. ಹೊಂಗಡಹಳ್ಳಕ್ಕೆ ಬಂದಾಗ ಅವರು ಚೀಣಾದಲ್ಲಿ ತಯಾರಾದ ಆರು ಅಲಗುಗಳನ್ನೂ ಒಂದು ಬಾಣದ ಕಡ್ಡಿಯನ್ನೂ ನನಗೆ ಕೊಟ್ಟು, “ಬೆಲೆ ಬಲು ಅಗ್ಗ. ಒಳ್ಳೆಯವೋ ಅಲ್ಲವೋ ನೀನೇ ನೋಡಿ ಹೇಳು” ಎಂದರು. ಅಡ್ಡಬಿಲ್ಲು ನನ್ನಲ್ಲಿಲ್ಲ. ಅಲಗಿನ ಗುಣವನ್ನು ತಿಳಿಯಲು ಅದು ಬೇಕಾಗಿಯೂ ಇರಲಿಲ್ಲ.

ಮೊದಲನೆಯದು ತೂಕ. ಪೊಟ್ಟಣದ ಮೇಲೆ 100 ಗ್ರೇನ್, ಅಂದರೆ ಸುಮಾರು 6.5 ಗ್ರಾಂ, ಎಂದು ಅಚ್ಚಾಗಿತ್ತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಎಲ್ಲಕ್ಕಿಂತ ಹಗುರವಾದುದಕ್ಕೂ ಭಾರವಾದುದಕ್ಕೂ ಅರ್ಧ ಗ್ರಾಮಿನಷ್ಟು ಅಂತರ ಕಂಡಿತು. ತೂಕ ಬದಲಾದರೆ ಬಾಣ ಬೀಳುವ ಎಡೆಯೂ ಬದಲಾಗುತ್ತದೆ.

ಎರಡನೆಯದು ನೇರ. ಅಲಗನ್ನು ಕಡ್ಡಿಗೆ ತಿರುಪಿ ಕೂರಿಸಿ, ಮೊನೆಯನ್ನು ಗಾಜಿನ ಮೇಲೆ ಊರಿ ಬುಗುರಿಯಂತೆ ತಿರುಗಿಸಿದೆ. ನಾಲ್ಕು ಅಲುಗದೆ ತಿರುಗಿದವು, ಎರಡು ಓಲಾಡಿದವು. ಅಲಗಿನ ರೆಕ್ಕೆಗಳು ಗಾಳಿಯನ್ನು ಹಿಡಿಯುವುದರಿಂದ, ಓಲಾಡುವ ಅಲಗು ಬಾಣವನ್ನು ಮುಂದಿನಿಂದಲೇ ದಾರಿ ತಪ್ಪಿಸುತ್ತದೆ.

ಮೂರನೆಯದು ಹರಿತ. ಮರದ ಚೌಕಟ್ಟಿಗೆ ರಬ್ಬರ್ ಬ್ಯಾಂಡುಗಳನ್ನು ಬಿಗಿದು, ಅವುಗಳ ನಡುವೆ ಅಲಗನ್ನು ಒತ್ತಿದೆ. ಹರಿತವಾದ ಅಲಗು ಅವನ್ನು ಕತ್ತರಿಸಬೇಕು. ಆರರಲ್ಲಿ ಒಂದು ಮಾತ್ರ ಕತ್ತರಿಸಿತು. ಉಳಿದವು ಬ್ಯಾಂಡುಗಳನ್ನು ಪಕ್ಕಕ್ಕೆ ತಳ್ಳಿ ಒಳಹೊಕ್ಕವು. ದೇಹದೊಳಗಿನ ರಕ್ತನಾಳದ ಗತಿಯೂ ಹೀಗೆಯೇ. ಮಸೆಯುವ ಕಲ್ಲಿನ ಮೇಲೆ ತಾಳ್ಮೆಯಿಂದ ಉಜ್ಜಿದ ಮೇಲೆ ಮತ್ತೆ ನಾಲ್ಕು ಸರಿಹೋದವು; ಒಂದರ ಅಂಚು ನಿಲ್ಲಲಿಲ್ಲ, ಉಕ್ಕೇ ಮೆದು. ಓಲಾಟವನ್ನಂತೂ ಯಾವ ಕಲ್ಲೂ ತಿದ್ದಲಾರದು. ಎಲ್ಲ ಪರೀಕ್ಷೆಗಳನ್ನೂ ದಾಟಿ ಉಳಿದುವು ಮೂರು. ಆರರ ಬೆಲೆಗೆ ಮೂರು ಸಿಕ್ಕಿದಂತಾಯಿತು. ಮಸೆದ ಶ್ರಮ ಬೇರೆ. ಅಣ್ಣನವರಿಗೆ ಹಾಗೆಯೇ ತಿಳಿಸಿದೆ.

ಇದನ್ನು ಓದಿ ನಮ್ಮ ಕಡೆಯ ಗೆಳೆಯರಿಗೆ ಬೇರೊಂದು ಯೋಚನೆ ಬರಬಹುದು. ಮಲೆನಾಡಿನ ಹಳೆಯ ಬೇಟೆಯಲ್ಲಿ ಕೋವಿ ಹಿಡಿದು ಕಾದುನಿಲ್ಲುವ ತಾಣಕ್ಕೂ ‘ಬಿಲ್ಲು’ ಎಂದೇ ಹೆಸರು; ಬಿಲ್ಲು ಹೋದರೂ ಮಾತು ಉಳಿದಿದೆ. ಭತ್ತ ತೆನೆಗಟ್ಟುವಾಗ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕುಳಿತವನ ಕಷ್ಟವನ್ನು ನಾನು ಬಲ್ಲೆ. ಒಂದು ರಾತ್ರಿಯಲ್ಲಿ ಹಂದಿಯ ಹಿಂಡು ಗದ್ದೆಯನ್ನು ತುಳಿದು ಹಾಕಿದರೆ, ಸದ್ದಿಲ್ಲದ ಅಗ್ಗದ ಆಯುಧವೊಂದು ಇದ್ದಿದ್ದರೆ ಎಂದು ಯಾರಿಗೆ ಅನ್ನಿಸದು?

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿ ಕಾಡುಹಂದಿಯೂ ಸೇರಿದೆ. ಕೊಲ್ಲುವುದಷ್ಟೇ ಅಲ್ಲದೆ ಗಾಯಗೊಳಿಸುವುದು, ಉರುಳು ಒಡ್ಡುವುದು, ಅದಕ್ಕೆ ಯತ್ನಿಸುವುದು ಕೂಡ ಆ ಕಾಯಿದೆಯಂತೆ ಬೇಟೆಯೇ. ಪೈರಿಗೆ ಅಪಾಯಕಾರಿಯಾದ ಇಂಥ ಮೃಗವನ್ನು ಕೊಲ್ಲಲೂ ಅಧಿಕೃತ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಕಾಯಿದೆಯ ಮಾತು ಹಾಗಿರಲಿ. ಗಾಯಗೊಂಡ ಹಂದಿ ಕಾಫಿ ತೋಟದೊಳಗೆ ಹೊಕ್ಕು ಮಲಗಿದರೆ, ಮರುದಿನ ಬೆಳಗ್ಗೆ ಅದಕ್ಕೆ ಎದುರಾಗುವವರು ಹಣ್ಣು ಕೊಯ್ಯಲು ಬಂದ ಹೆಂಗಸರು.

ಬೆಳೆ ಹಾಳಾದವರು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬಹುದು. ಹಳ್ಳಿಗಳಲ್ಲಿ ಅನೇಕರಿಗೆ ಅರ್ಜಿ ಬರೆಯುವುದೇ ತೊಡಕು. ನಾಲ್ಕಕ್ಷರ ಕಲಿತ ನಾವು ರಜೆಗೆ ಊರಿಗೆ ಹೋದಾಗ ನೆರೆಯವರ ಅರ್ಜಿಗಳನ್ನು ಬರೆದುಕೊಟ್ಟರೆ, ಅಗ್ಗದ ಅಲಗಿಗಿಂತ ಹೆಚ್ಚಿನ ಉಪಕಾರವಾದೀತೆಂದು ನನ್ನ ನಂಬಿಕೆ.