ಮತವೂ ಮನೆತನವೂ

ಹಿಡಿದ ಕೈಯನ್ನು ಬಿಡದಿರುವುದು ನಮ್ಮ ಕಡೆಯ ರೂಢಿ. ಸುಳ್ಯ ಕ್ಷೇತ್ರದ ಮತದಾರರು 1994ರಿಂದ 2018ರ ವರೆಗೆ ಎಸ್. ಅಂಗಾರರನ್ನೇ ಆರು ಸಲ ಶಾಸನಸಭೆಗೆ ಕಳುಹಿದರು. ಸಂಪ್ರದಾಯವನ್ನು ಮೆಚ್ಚುವ ನನ್ನಂಥವರಿಗೆ ಇದು ಸಹಜವೆಂದೇ ತೋರುವುದು.

ಆದರೆ 2023ರಲ್ಲಿ ಪುತ್ತೂರಿನಲ್ಲಿ ನಮ್ಮವರ ಮತಗಳು ಭಾರತೀಯ ಜನತಾ ಪಕ್ಷದ ಉಮೇದುವಾರರಿಗೂ ಪಕ್ಷೇತರರಾದ ಅರುಣ್ ಕುಮಾರ್ ಪುತ್ತಿಲರಿಗೂ ಹಂಚಿಹೋಗಿ, ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈಯವರು ಗೆದ್ದರು. 2024ರ ಲೋಕಸಭಾ ಚುನಾವಣೆಯಲ್ಲಿಯಾದರೋ ಪುತ್ತೂರು, ಸುಳ್ಯ, ಕಡಬಗಳನ್ನೊಳಗೊಂಡ ದಕ್ಷಿಣ ಕನ್ನಡ ಕ್ಷೇತ್ರದಲ್ಲಿ 23 ಸಾವಿರಕ್ಕೂ ಮಿಕ್ಕಿ ಮತಗಳು ‘ನೋಟಾ’ ಗುಂಡಿಗೆ ಬಿದ್ದವು. 2012ರಲ್ಲಿ ಕೊಲೆಯಾದ ವಿದ್ಯಾರ್ಥಿನಿಯೋರ್ವಳಿಗೆ ನ್ಯಾಯ ದೊರಕಲಿಲ್ಲವೆಂದು ನೊಂದವರು ಆ ಗುಂಡಿಯನ್ನೊತ್ತುವಂತೆ ಕರೆಯಿತ್ತಿದ್ದರು.

ಇದು ಅಧರ್ಮವೆ? ಅಲ್ಲ. ಯಾರೂ ಬೇಡವೆಂದು ಗುಟ್ಟಾಗಿ ತಿಳಿಸುವುದೂ ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪಿತ್ತಿದೆ. ಸಂವಿಧಾನದ 19ನೆಯ ವಿಧಿಯ ಅಭಿಪ್ರಾಯ ಸ್ವಾತಂತ್ರ್ಯವೇ ಅದಕ್ಕೆ ಆಧಾರ. ಆದರೂ ಲೋಕಸಭೆಯ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟೇ ಮತ ಬೀಳಲಿ, ಉಮೇದುವಾರರೊಳಗೆ ಹೆಚ್ಚು ಮತ ಪಡೆದವರೇ ಗೆಲ್ಲುವರು. ದುಃಖವು ಲೆಕ್ಕಕ್ಕೆ ಬರುವುದು, ಫಲವು ಬದಲಾಗದು. ಆದುದರಿಂದ ಇದ್ದವರಲ್ಲಿ ಯೋಗ್ಯರನ್ನು ಆರಿಸುವುದೇ ಲೇಸೆಂದು ನನ್ನ ಮತ.

ಹಾಗೆಂದು ನನ್ನ ಮತವನ್ನು ಮನೆಯವರ ಮೇಲೆ ಹೇರಲಾರೆನು. ಹದಿನೆಂಟು ತುಂಬಿದ ಸೊಸೆಗೂ ಮಗನಿಗೂ 326ನೆಯ ವಿಧಿಯು ಯಜಮಾನನಿಗಿತ್ತಷ್ಟೇ ಅಧಿಕಾರವನ್ನಿತ್ತಿದೆ. ಅಡಿಕೆಯ ತೋಟವು ಅವಿಭಕ್ತವಾಗಿರಬಹುದು. ಮತವು ಮಾತ್ರ ಒಬ್ಬೊಬ್ಬರ ಸ್ವಂತ ಸೊತ್ತು. ಹಿರಿಯರು ಬುದ್ಧಿ ಹೇಳಲಿ. ಯಾರಿಗೆ ಕೊಟ್ಟೆಯೆಂದು ಕೇಳದಿರಲಿ.